ಎತ್ತಿನ ಗೊಟ್ಟ, ಮೊಲದ ಹೊಟ್ಟೆ

ಕನ್ನಡದಲ್ಲಿ ದನಗಳ ವೈದ್ಯಕ್ಕೆ ಅಂತಲೇ ಒಂದು ಪುಸ್ತಕ ಬಂದು ಹತ್ತಿರಹತ್ತಿರ 900 ವರ್ಷ ಆಯಿತು. ಸುಮಾರು 1125ರ ಹೊತ್ತಿಗೆ ಕೀರ್ತಿವರ್ಮ ಬರೆದ ‘ಗೋವೈದ್ಯ’ ಅದು. ಈತ ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಸಹೋದರ. ಅರಮನೆಯಲ್ಲಿ ಹುಟ್ಟಿದವನೊಬ್ಬ ಕೂತು ಆಕಳ ಕಾಯಿಲೆ ಬಗ್ಗೆ ಬರೆದ ಅನ್ನೋದೇ ನನಗೆ ಖುಷಿ ಕೊಡುವ ಸಂಗತಿ. ಪುಸ್ತಕದಲ್ಲಿ ಮದ್ದಿನ ಜೊತೆ ಮಂತ್ರ-ತಂತ್ರಗಳೂ ಇವೆ. ಇರಲಿ ಬಿಡಿ, ಆ ಕಾಲದಲ್ಲಿ ಮನುಷ್ಯರ ವೈದ್ಯವೂ ಹಾಗೇ ಇತ್ತು.

ಆಮೇಲೆ ಕುದುರೆಯ ಸರದಿ. 1400ರ ಸುಮಾರಿಗೆ ಅಭಿನವಚಂದ್ರ ಕುದುರೆಗಳ ವೈದ್ಯದ ಬಗ್ಗೆ ಬರೆದ. 1627ರಲ್ಲಿ, ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, ಪದ್ಮಣ ಪಂಡಿತ ‘ಹಯಸಾರಸಮುಚ್ಚಯ’ ಬರೆದ. ಸಂಸ್ಕೃತದಲ್ಲಂತೂ ಆನೆಗೆ ಪಾಲಕಾಪ್ಯ, ಕುದುರೆಗೆ ಶಾಲಿಹೋತ್ರ ಅಂತ ಹೆಸರೇ ಹಂಚಿಹೋಗಿದೆ. ಶಾಲಿಹೋತ್ರನ ಹೆಸರಿನಿಂದಲೇ ಉತ್ತರ ಭಾರತದಲ್ಲಿ ಕುದುರೆ ವೈದ್ಯರನ್ನು ‘ಸಾಲೋತ್ರಿ’ ಅಂತ ಕರೀತಿದ್ದರು.

ಈ ಪಟ್ಟಿ ನೋಡಿದರೆ ಒಂದು ಮಾತು ಹೊಳೆಯುತ್ತೆ. ನಮ್ಮ ಹಳಬರು ‘ಪ್ರಾಣಿವೈದ್ಯ’ ಅಂತ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಲಿಲ್ಲ. ಆಕಳಿಗೆ ಬೇರೆ, ಕುದುರೆಗೆ ಬೇರೆ, ಆನೆಗೆ ಬೇರೆ. ಈ ಹೆಸರಾಂತ ಪುಸ್ತಕಗಳ ಸಾಲಿನಲ್ಲಿ ಮೊಲಕ್ಕೆ ಅಂತ ಒಂದೂ ಇಲ್ಲ.

ಕಾರಣ ಸರಳ. ನಮ್ಮಲ್ಲಿ ಮೊಲ ಅಂದರೆ ಬೇಟೆಯ ಪ್ರಾಣಿ. ವಿಜಯನಗರ ಹುಟ್ಟಿದ ಐತಿಹ್ಯದಲ್ಲಿ ಬೇಟೆನಾಯಿಗಳ ಎದುರು ತಿರುಗಿ ನಿಂತದ್ದು ಮೊಲ. ‘ನಾ ಹಿಡಿದ ಮೊಲಕ್ಕೆ ಮೂರೇ ಕಾಲು’ ಅನ್ನೋ ಗಾದೆಯಲ್ಲೂ ಮೊಲ ಸಾಕಿದ್ದಲ್ಲ, ಹಿಡಿದದ್ದು! ಅದೂ ಅಲ್ಲದೆ ಅದು ನಮ್ಮ ಕಾಡುಮೊಲ. ಅದರ ಮರಿ ಮೈತುಂಬ ಕೂದಲಿಟ್ಟುಕೊಂಡು, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನು ಸಾಕುವ ಹಾಗಿಲ್ಲ. ಈಗ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಕೂತಿರೋದು ಯುರೋಪಿನಿಂದ ಬಂದ ಬೇರೆಯೇ ಜಾತಿ. ಅದರ ಮೂಲ ಸ್ಪೇನ್, ಪೋರ್ಚುಗಲ್ ಕಡೆ, ಮರಿ ಹುಟ್ಟುವಾಗ ಬೆತ್ತಲೆ, ಕಣ್ಣು ಮುಚ್ಚಿರುತ್ತೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು ಇರೋದರಿಂದ, ಇದು ನಮಗೆ ತಲೆತಲಾಂತರದಿಂದ ಗೊತ್ತಿರೋ ಪ್ರಾಣಿ ಅಂತ ಅನ್ನಿಸಿಬಿಡುತ್ತೆ. ನಿಜವಾಗಿ ನಮ್ಮ ಮನೆಮದ್ದಿಗೆ ಈ ಅತಿಥಿಯ ಪರಿಚಯವೇ ಇಲ್ಲ.

ಮನೆಮದ್ದನ್ನು ಹೀಗಳೆಯೋಕೆ ನಾನು ಇದನ್ನು ಬರೀತಿಲ್ಲ. ನಾನು ಬೆಳೆದದ್ದು ರಾಣೇಬೆನ್ನೂರು ತಾಲೂಕಿನ ಐರಣಿಯಲ್ಲಿ, ತುಂಗಭದ್ರೆ ದಂಡೆ ಮೇಲೆ. ಎತ್ತು ಹಸಿ ಮೇವು ಅತಿಯಾಗಿ ತಿಂದರೆ ಎಡಪಕ್ಕೆ ತಮಟೆ ಥರ ಬಿಗಿದುಕೊಳ್ಳುತ್ತಿತ್ತು. ‘ಹೊಟ್ಟಿ ಉಬ್ಬೈತಿ, ಗೊಟ್ಟ ತಗೊಂಬಾರೋ’ ಅಂತ ಅಪ್ಪ ಕೂಗುತ್ತಿದ್ದ. ಗೊಟ್ಟ ಅಂದರೆ ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆ. ಅದರಲ್ಲಿ ಎಣ್ಣೆ, ಇಂಗು, ಅಜವಾನ ಕಲಸಿ ಎತ್ತಿನ ಬಾಯಿಗೆ ಹೊಯ್ಯೋದು. ಇದರಲ್ಲಿ ಲೆಕ್ಕಾಚಾರ ಇದೆ. ಹಸಿ ಮೇವಿನಿಂದ ಎತ್ತಿನ ಮೊದಲ ಹೊಟ್ಟೆಯಲ್ಲಿ ನೊರೆ ಕಟ್ಟಿಕೊಳ್ಳುತ್ತೆ, ಗಾಳಿ ಆ ನೊರೆಯಲ್ಲಿ ಸಿಕ್ಕಿಬೀಳುತ್ತೆ. ಎಣ್ಣೆ ನೊರೆಯನ್ನು ಒಡೆಯುತ್ತೆ, ಎತ್ತು ತೇಗುತ್ತೆ, ಹೊಟ್ಟೆ ಇಳಿಯುತ್ತೆ. ಪಶುವೈದ್ಯರೂ ಇದಕ್ಕೆ ಎಣ್ಣೆ ಕೊಡ್ತಾರೆ.

ಕೆಚ್ಚಲು ಬಾವಿಗೆ 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಅರೆದು ಹಚ್ಚುವ ಮದ್ದನ್ನು ಬೆಂಗಳೂರಿನ ಟಿಡಿಯು ವಿಶ್ವವಿದ್ಯಾಲಯ ಮತ್ತು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಇವತ್ತಿಗೂ ರೈತರಿಗೆ ಹೇಳಿಕೊಡ್ತಿವೆ. ಇವೆಲ್ಲ ದನದ ಮೈ ನೋಡಿ ನೋಡಿ ಕಲಿತ ಮದ್ದುಗಳು. ಕಲಿಸಿದ ಗುರು ದನ.

ಈಗ ಬೆಂಗಳೂರಿಗೆ ಬನ್ನಿ. ನನಗೆ ಪರಿಚಯ ಇರೋ ಒಂದು ಮನೆಯಲ್ಲಿ ಎರಡು ಕೆಜಿ ತೂಕದ ಮೊಲ ಇತ್ತು. ಒಂದು ಸಂಜೆ ಮೇವು ಬಿಟ್ಟಿತು, ಹಿಕ್ಕೆ ಹಾಕಲಿಲ್ಲ, ಹೊಟ್ಟೆ ಗಟ್ಟಿಯಾಯಿತು. ಊರಿಂದ ಅಜ್ಜಿ ಫೋನಲ್ಲಿ ಪ್ರೀತಿಯಿಂದಲೇ ಹೇಳಿದರು: ‘ಎಣ್ಣಿ, ಅಜವಾನ ಕಲಸಿ ಒಂದು ಚಮಚ ಹಾಕ್ರವ್ವಾ, ಬೆಳಗ್ಗೆ ಸರಿಹೋಗತೈತಿ.’ ಹಾಕಿದರು. ಬೆಳಗಾಗುವಷ್ಟರಲ್ಲಿ ಮೊಲ ತಣ್ಣಗಾಗಿತ್ತು. ಮದ್ದಿನಿಂದ ಸತ್ತಿತೋ, ಕಾಯಿಲೆಯಿಂದ ಸತ್ತಿತೋ ಹೇಳೋಕಾಗಲ್ಲ. ಆದರೆ ವೈದ್ಯರ ಹತ್ತಿರ ಹೋಗಬಹುದಾಗಿದ್ದ ಒಂದಿಡೀ ರಾತ್ರಿ ಕೈಬಿಟ್ಟು ಹೋಯಿತು ಅನ್ನೋದು ಖರೆ. ಆ ಮನೆಯ ಒಂಬತ್ತು ವರ್ಷದ ಹುಡುಗಿ ‘ಅಜ್ಜಿ ಮದ್ದು ಯಾಕೆ ಕೆಲಸ ಮಾಡಲಿಲ್ಲ?’ ಅಂತ ಕೇಳಿದಳಂತೆ.

ಉತ್ತರ ಹೊಟ್ಟೆಯಲ್ಲಿದೆ. ದನದ ಮೊದಲ ಹೊಟ್ಟೆಯೇ ನೂರು ಲೀಟರಿಗೂ ದೊಡ್ಡದು, ಮೇವು ಹುಳಿಯೋದು ಅಲ್ಲೇ, ತೇಗೋಕೆ ದಾರಿ ಇದೆ. ಮೊಲಕ್ಕೆ ಇರೋದು ಒಂದೇ ಹೊಟ್ಟೆ. ಮೇವು ಹುಳಿಯೋದು ಕರುಳಿನ ಹಿಂಭಾಗದ ಚೀಲದಲ್ಲಿ. ಅದು ವಾಂತಿ ಮಾಡಲಾರದು. ಕರುಳು ಸದಾ ಓಡುತ್ತಲೇ ಇರಬೇಕು, ನಿಂತರೆ ಜೀವಕ್ಕೇ ಕುತ್ತು. ಕರುಳು ಕಟ್ಟಿಕೊಂಡಾಗ ಬಾಯಿಗೆ ಏನು ತುರುಕಿದರೂ ಒತ್ತಡ ಇನ್ನೂ ಹೆಚ್ಚುತ್ತೆ. ಒದ್ದಾಡುವ ಮೊಲಕ್ಕೆ ಒತ್ತಾಯದಿಂದ ಹಾಕಿದ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಇಂಜಿನಿಯರ್ ಬುದ್ಧಿ, ಲೆಕ್ಕ ಹಾಕಿದೆ: ಎರಡು ಕೆಜಿ ಮೊಲಕ್ಕೆ 5 ಮಿ.ಲೀ. ಚಮಚ ಅಂದರೆ, 400 ಕೆಜಿ ಎತ್ತಿಗೆ ಒಂದು ಲೀಟರ್. ‘ಬರೀ ಒಂದು ಚಮಚ’ ಅನ್ನೋ ಮಾತು ಎಷ್ಟು ದೊಡ್ಡದು ನೋಡಿ.

ಚರ್ಮದ ಕಥೆಯೂ ಹೀಗೇ. 1944ರಲ್ಲಿ ಅಮೆರಿಕದಲ್ಲಿ ಜಾನ್ ಡ್ರೇಜ್ ಮತ್ತು ಜೊತೆಗಾರರು ಸೌಂದರ್ಯವರ್ಧಕಗಳ ಉರಿ ಅಳೆಯೋಕೆ ಒಂದು ಪರೀಕ್ಷೆ ರೂಪಿಸಿದರು. ಹಚ್ಚುತ್ತಿದ್ದದ್ದು ಮೊಲಗಳ ಕಣ್ಣಿಗೆ, ಚರ್ಮಕ್ಕೆ. ಮೊಲದ ಮೈ ಮನುಷ್ಯರದ್ದಕ್ಕಿಂತ ಬೇಗ ಉರಿಯುತ್ತೆ ಅನ್ನೋದು ಆ ಮೂಕಪ್ರಾಣಿಗಳ ನೋವಿನಿಂದ ಜಗತ್ತಿಗೆ ಗೊತ್ತಾದ ವಿಷಯ. ಅಂಥ ಚರ್ಮಕ್ಕೆ ಕಜ್ಜಿ ಆಯಿತು ಅಂತ ಕರ್ಪೂರದ ಎಣ್ಣೆ, ಸೀಮೆಎಣ್ಣೆ, ಸುಣ್ಣ ಹಚ್ಚೋದು ಬೇಡ. ಮೊಲ ದಿನವಿಡೀ ಮೈ ನೆಕ್ಕಿಕೊಳ್ಳುತ್ತೆ, ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತೆ. ಬೆಳ್ಳುಳ್ಳಿ ಜಜ್ಜಿ ತಿನ್ನಿಸೋದೂ ಬೇಡ, ಈರುಳ್ಳಿ-ಬೆಳ್ಳುಳ್ಳಿ ಅದರ ರಕ್ತಕಣಗಳನ್ನೇ ಒಡೆಯುತ್ತವೆ. ನಾಯಿಯ ಉಣ್ಣೆಗೆ ಹಾಕುವ ಫಿಪ್ರೊನಿಲ್ ಹನಿ ಕೂಡ ಮೊಲಕ್ಕೆ ವಿಷ.

ನಗರದ ಮನೆಮದ್ದು ಇನ್ನೊಂದಿದೆ. ಅದು ಕಪಾಟಿನಲ್ಲಿ ಉಳಿದ ಮಾತ್ರೆ. 1940ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡಿನಲ್ಲಿ ಹೊವಾರ್ಡ್ ಫ್ಲೋರಿ ತಂಡ ಎಂಟು ಇಲಿಗಳ ಮೇಲೆ ಪೆನಿಸಿಲಿನ್ ಪರೀಕ್ಷೆ ಮಾಡಿತು. ಮದ್ದು ಕೊಟ್ಟವು ಉಳಿದವು, ಕೊಡದವು ಸತ್ತವು. ಮೂರೇ ವರ್ಷದಲ್ಲಿ, ಅದೇ ಪೆನಿಸಿಲಿನ್ ಗಿನಿಯಿಲಿಗಳನ್ನು ಕೊಲ್ಲುತ್ತೆ ಅಂತ ಗೊತ್ತಾಯಿತು. ಇಲಿಯ ಬದಲು ಗಿನಿಯಿಲಿ ಆರಿಸಿದ್ದರೆ ಪೆನಿಸಿಲಿನ್ ಕಥೆ ಅಲ್ಲಿಗೇ ಮುಗೀತಿತ್ತೇನೋ. ಮೊಲವೂ ಅದೇ ಗುಂಪಿಗೆ ಸೇರುತ್ತೆ. ಬಾಯಿಯ ಮೂಲಕ ಕೊಟ್ಟ ಅಮಾಕ್ಸಿಸಿಲಿನ್ ಅದರ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು, ಕೆಟ್ಟವು ವಿಷ ಉಗುಳೋಕೆ ಜಾಗ ಮಾಡಿಕೊಡುತ್ತೆ.

ಇನ್ನೊಂದು ಸಂಗತಿ ಹೇಳಲೇಬೇಕು. ನಮ್ಮ ದನಗಳನ್ನು ಗುಂಪುಗುಂಪಾಗಿ ಕೊಲ್ಲುತ್ತಿದ್ದ ದೊಡ್ಡರೋಗಕ್ಕೆ ಗೊಟ್ಟದಿಂದ ಏನೂ ಮಾಡೋಕಾಗಲಿಲ್ಲ. 1938ರ ಹೊತ್ತಿಗೆ ಜಪಾನಿನ ವಿಜ್ಞಾನಿ ಜುಂಜಿ ನಕಮುರಾ ಆ ರೋಗದ ವೈರಸ್ಸನ್ನು ಮೊಲದಿಂದ ಮೊಲಕ್ಕೆ ನೂರಾರು ಸಲ ದಾಟಿಸಿ ಲಸಿಕೆ ಮಾಡಿದ. ವೈರಸ್ಸು ಮೊಲದ ಮೈಗೆ ಒಗ್ಗಿದಷ್ಟೂ ದನದ ಮೈಯಲ್ಲಿ ಸಪ್ಪೆಯಾಯಿತು. ನಮ್ಮ ದೇಶದಲ್ಲಿ ಹೆಚ್ಚು ನಡೆದದ್ದು ಆಡಿನ ಮೂಲಕ ಮಾಡಿದ ಲಸಿಕೆ. ಅದನ್ನು ತಡೆದುಕೊಳ್ಳಲಾರದ ವಿದೇಶಿ ಮತ್ತು ಮಿಶ್ರ ತಳಿಗಳಿಗೆ ಮೊಲದ ಲಸಿಕೆ ಬಂತು. ಮುಂದೆ ಇನ್ನೂ ಒಳ್ಳೆಯ ಲಸಿಕೆಗಳು ಬಂದವು. 1995ರ ನಂತರ ಭಾರತದಲ್ಲಿ ಆ ರೋಗ ಕಾಣಲಿಲ್ಲ, 2011ರಲ್ಲಿ ಜಗತ್ತಿನಿಂದಲೇ ಅಳಿಯಿತು. ದನದ ಮೈಯೇ ಬೇರೆ, ಮೊಲದ ಮೈಯೇ ಬೇರೆ ಅನ್ನೋ ವ್ಯತ್ಯಾಸದ ಮೇಲೇ ಆ ಲಸಿಕೆ ನಿಂತಿತ್ತು. ಅದೇ ವ್ಯತ್ಯಾಸವನ್ನು ಮರೆತು ನಾವು ಮೊಲದ ಬಾಯಿಗೆ ಎತ್ತಿನ ಮದ್ದು ಹಾಕ್ತೀವಿ.

ಆದ್ದರಿಂದ ಮೊಲ ಸಾಕಿರೋ ಗೆಳೆಯರಿಗೆ ಒಂದು ಮಾತು. ಬಹುಪಾಲು ಒಣಹುಲ್ಲು, ಯಾವಾಗಲೂ ನೀರು, ಓಡಾಡೋಕೆ ಜಾಗ ಕೊಡಿ. ಅಷ್ಟು ಮನೆಯಲ್ಲೇ ಮಾಡಬಹುದಾದ ಮದ್ದು. ಅರ್ಧ ದಿನ ಮೇವು ಮುಟ್ಟದಿದ್ದರೆ, ಹಿಕ್ಕೆ ನಿಂತರೆ, ಮುದುಡಿ ಕೂತು ಹಲ್ಲು ಕಡಿಯುತ್ತಿದ್ದರೆ ಬೆಳಗಿನ ತನಕ ಕಾಯಬೇಡಿ. ಮೊಲಗಳನ್ನು ನೋಡಿ ಅಭ್ಯಾಸ ಇರುವ ಪಶುವೈದ್ಯರು ಯಾರು ಅಂತ ಇವತ್ತೇ, ಮೊಲ ಆರಾಮಾಗಿ ಇರುವಾಗಲೇ, ವಿಚಾರಿಸಿ ನಂಬರ್ ಬರೆದಿಟ್ಟುಕೊಳ್ಳಿ. ಊರಿಗೆ ಫೋನ್ ಖಂಡಿತ ಮಾಡಿ, ಅಜ್ಜಿಯನ್ನು ಮಾತಾಡಿಸಿ, ಎತ್ತಿನ ಕಥೆ ಕೇಳಿ. ಮದ್ದು ಮಾತ್ರ ಮೊಲ ಗೊತ್ತಿರುವವರನ್ನೇ ಕೇಳಿ.