ಏಳು ವರ್ಷ ಆರಾದ ಬಗೆ

ಅಮೆರಿಕದಲ್ಲಿ ವಕೀಲನಾಗಬೇಕಾದವನು ಕಾಲೇಜಿನಲ್ಲಿ ನಾಲ್ಕು ವರ್ಷ, ಲಾ ಸ್ಕೂಲಿನಲ್ಲಿ ಮೂರು ವರ್ಷ ಓದುವುದು ವಾಡಿಕೆ. ಅಪರಾಧ ಮತ್ತು ನ್ಯಾಯಾಡಳಿತವನ್ನು ವ್ಯಾಸಂಗ ಮಾಡುವವರಿಗೆ ಅಲ್ಲಿನ ಕೆಲವು ಕಾಲೇಜುಗಳು ಈ ಏಳನ್ನು ಆರಕ್ಕೆ ಇಳಿಸಿವೆ. ಲಾ ಸ್ಕೂಲಿನ ಮೊದಲ ವರ್ಷವೇ ಕಾಲೇಜಿನ ನಾಲ್ಕನೆಯ ವರ್ಷವೆಂದು ಲೆಕ್ಕಕ್ಕೆ ಬರುತ್ತದೆ.

ಠಾಣೆಯ ವಿದ್ಯೆ ವಿಶ್ವವಿದ್ಯಾಲಯವನ್ನು ಹೊಕ್ಕ ಕತೆ ಹಳೆಯದು. 1916ರಲ್ಲಿ ಬರ್ಕ್ಲಿ ಪಟ್ಟಣದ ಪೊಲೀಸ್ ಮುಖ್ಯಾಧಿಕಾರಿ ಆಗಸ್ಟ್ ವೋಲ್ಮರ್ ಅವರು ಕಾನೂನು ಪ್ರಾಧ್ಯಾಪಕ ಅಲೆಕ್ಸಾಂಡರ್ ಕಿಡ್ ಅವರೊಡಗೂಡಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರದ ಬೇಸಗೆ ತರಗತಿಗಳನ್ನು ತೆರೆದರು. ವೋಲ್ಮರ್ ಸ್ವತಃ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ! ಪೊಲೀಸನೂ ಪ್ರಾಧ್ಯಾಪಕನೂ ಒಂದೇ ಮೇಜಿಗೆ ಕುಳಿತದ್ದೇ ಅಂದಿನ ದೊಡ್ಡ ಸಂಗತಿ. 1950ರಲ್ಲಿ ಅಲ್ಲಿ ಪ್ರತ್ಯೇಕ ಶಾಲೆಯೇ ಎದ್ದಿತು, 1976ರಲ್ಲಿ ಮುಚ್ಚಿತು. ಅಷ್ಟರೊಳಗೆ 1968ರ ಕಾಯಿದೆಯು ಪೊಲೀಸರ ಓದಿಗೆ ಕೇಂದ್ರ ಸರ್ಕಾರದ ಹಣ ಒದಗಿಸಿದ್ದರಿಂದ ಈ ವಿಷಯ ದೇಶದ ತುಂಬ ಹಬ್ಬಿತ್ತು.

ಒಂದು ವರ್ಷದ ಫೀಸು ಉಳಿಯುವುದು ಸಣ್ಣ ಲಾಭವೇನಲ್ಲ. ಆದರೆ ಮೂರು ವರ್ಷ ಮುಗಿಸಿ ಹೊರಟವನ ಕೈಯಲ್ಲಿ ಇನ್ನೂ ಯಾವ ಪದವಿಯೂ ಇರುವುದಿಲ್ಲ. ಲಾ ಸ್ಕೂಲಿನಲ್ಲಿ ಎಡವಿದರೆ ಹಳೆಯ ಕಾಲೇಜಿಗೆ ಮರಳಿ ಉಳಿದ ಪಾಠ ಮುಗಿಸಬೇಕು. ಜೊತೆಗೆ, ಈ ಸೌಲಭ್ಯವಿರುವುದು ಕಾಲೇಜು ಒಪ್ಪಂದ ಮಾಡಿಕೊಂಡ ಲಾ ಸ್ಕೂಲಿಗೆ ಹೋಗುವವನಿಗೆ ಮಾತ್ರ; ಬೇರೆಡೆಗೆ ಮನಸ್ಸು ಮಾಡಿದವನಿಗೆ ಸಾಮಾನ್ಯವಾಗಿ ಏಳು ವರ್ಷ ತಪ್ಪಿದ್ದಲ್ಲ.