ಹಳೇ ವೇಷದ ಕ್ಯಾಮೆರಾ, ದುರ್ಗದ ಹಳೇ ನೆಗೆಟಿವ್

ಇಯರ್‌ಫೋನ್ ಸಿಕ್ಕಿಸ್ಕೊಂಡು ಬಸ್ಸಲ್ಲೋ ಹಾಸ್ಟೆಲ್ ಮಂಚದ ಮೇಲೋ ಇರೋ ಎಲ್ಲರಿಗೂ ಮೊದಲೇ ಒಂದು ಮಾತು. ಇದು ‘ಯಾವ ಕ್ಯಾಮೆರಾ ತಗೊಳ್ಳಲಿ’ ಅನ್ನೋ ಸಂಚಿಕೆ ಅಲ್ಲ. ಅದಕ್ಕೆ ಯೂಟ್ಯೂಬಲ್ಲಿ ಬೇಕಾದಷ್ಟು ಜನ ಇದ್ದಾರೆ. ಚಿತ್ರದುರ್ಗ ಸೀಮೆಯಲ್ಲಿ ಕ್ಯಾಮೆರಾ ಯಾರ ಕೈಲಿತ್ತು, ಅದು ಏನನ್ನ ನೋಡ್ತು, ತೆಗೆದ ಚಿತ್ರಗಳೆಲ್ಲ ಎಲ್ಲಿಗೆ ಹೋದವು, ಇವತ್ತಿನ ಕಥೆ ಅದು. ಅದನ್ನ ಹುಡುಕಿ ಹೊರಟಾಗ ನನ್ನ ಬ್ಯಾಗಲ್ಲಿ ಎರಡು ಕ್ಯಾಮೆರಾ ಇದ್ದವು. ಎರಡೂ ಬಾಡಿಗೆಯವು, ಎರಡೂ ಹೊಸವು. ನೋಡೋಕೆ ಮಾತ್ರ ನಮ್ಮ ಅಪ್ಪನ ಕಾಲದವು.

ಒಂದು ನಿಕಾನ್ ಜಡ್ ಎಫ್, 2023ರದ್ದು. ಇನ್ನೊಂದು ಫ್ಯೂಜಿಫಿಲ್ಮ್ ಎಕ್ಸ್-ಟಿ5, 2022ರದ್ದು. ಎರಡೂ ಮಿರರ್‌ಲೆಸ್. ಅಂದ್ರೆ ಲೆನ್ಸಿಗೂ ಸೆನ್ಸರಿಗೂ ನಡುವೆ ಹಳೇ ಎಸ್ಎಲ್ಆರ್‌ಗಳಲ್ಲಿದ್ದ ಕನ್ನಡಿ ಇಲ್ಲ. ಈ ಜಾತಿಯ ಕ್ಯಾಮೆರಾ ಮಾರುಕಟ್ಟೆಗೆ ಬಂದದ್ದು 2008ರಲ್ಲಿ, ಪ್ಯಾನಸಾನಿಕ್ ಜಿ1 ಜೊತೆ. ಎರಡೇ ವರ್ಷಕ್ಕೆ ಫ್ಯೂಜಿಯವರು ಎಕ್ಸ್100 ತೋರಿಸಿದ್ರು, ಹಳೇ ರೇಂಜ್‌ಫೈಂಡರ್ ರೂಪದಲ್ಲಿ. 2012ರಲ್ಲಿ ಒಲಿಂಪಸ್ ತನ್ನದೇ 1970ರ ದಶಕದ ಓಎಂ ಕ್ಯಾಮೆರಾದ ಮುಖವನ್ನ ಹೊಸದಕ್ಕೆ ತೊಡಿಸ್ತು. ಜಡ್ ಎಫ್ ಹಾಕಿರೋ ವೇಷ 1982ರ ನಿಕಾನ್ ಎಫ್ಎಂ2ದು. ಆ ಎಫ್ಎಂ2 ಬ್ಯಾಟರಿ ಸತ್ತರೂ ಕ್ಲಿಕ್ ಅನ್ನೋದು. ಅದಕ್ಕೆ ಬ್ಯಾಟರಿ ಬೇಕಿದ್ದದ್ದು ಒಳಗಿನ ಲೈಟ್ ಮೀಟರಿಗೆ ಮಾತ್ರ. ಜಡ್ ಎಫ್ ಬ್ಯಾಟರಿ ಸತ್ತರೆ 710 ಗ್ರಾಂ ತೂಕದ ಚಂದದ ಪೇಪರ್‌ವೆಯ್ಟ್.

ಆದ್ರೂ ಕೈಗೆ ಹಿತ. ಹಿತ್ತಾಳೆಯ ಡಯಲ್‌ಗಳು ತಣ್ಣಗಿರ್ತವೆ, ತಿರುಗಿಸಿದ್ರೆ ಕಟ್ ಕಟ್ ಅಂತವೆ. ಐಎಸ್ಒಗೆ ಒಂದು, ಷಟರ್ ವೇಗಕ್ಕೆ ಒಂದು, ಬೆಳಕನ್ನ ಏರಿಸಿ ಇಳಿಸೋಕೆ ಇನ್ನೊಂದು. ನನಗೆ ಸಿಟ್ಟು ಬಂದದ್ದು ಲೆನ್ಸ್ ಮೇಲೆ. ಜೊತೆಗೆ ಬಂದ 40 ಎಂಎಂ ಎಫ್/2 ‘ಎಸ್ಇ’ ಲೆನ್ಸು ಹೊರಗಿಂದ ಎಂಬತ್ತರ ದಶಕದ ನಿಕ್ಕೋರ್ ಥರಾನೇ ಇದೆ. ಬೆಳ್ಳಿ ಗೆರೆ, ಕಚ್ಚು ಕಚ್ಚು ರಿಂಗು. ಆದ್ರೆ ಆ ರಿಂಗಿನ ಮೇಲೆ ಒಂದು ಅಂಕಿಯೂ ಇಲ್ಲ. ಅಪರ್ಚರ್ ಎಷ್ಟಿದೆ ಅಂತ ತಿಳೀಬೇಕಾದ್ರೆ ಕ್ಯಾಮೆರಾ ತಲೆ ಮೇಲಿರೋ ಪುಟ್ಟ ಕಿಟಕಿ ನೋಡಬೇಕು. ಚಿತ್ರ ಚೆನ್ನಾಗೇ ಬರುತ್ತೆ, ಸುಳ್ಳು ಹೇಳಲ್ಲ. ರಿಂಗು ಮಾತ್ರ ಗಿಲೀಟು. ಫ್ಯೂಜಿಯ 35 ಎಂಎಂ ಎಫ್/2 ಲೆನ್ಸಲ್ಲಿ ಹಾಗಿಲ್ಲ. ಅಂಕಿ ಲೆನ್ಸ್ ಮೇಲೇ ಕೆತ್ತಿದೆ, ಕ್ಯಾಮೆರಾ ಆಫ್ ಇದ್ದಾಗಲೇ ಎಲ್ಲಾ ಹೊಂದಿಸಿ ಇಟ್ಕೋಬಹುದು. ದುರ್ಗದ ಕೋಟೆಯೊಳಗೆ ಬಿಸಿಲು ನೆತ್ತಿಗೆ ಬಂದ ಹೊತ್ತಲ್ಲಿ ಹಳೇ ಸ್ಟುಡಿಯೋದವರ ಲೆಕ್ಕ ಹಾಕಿದೆ: ಸುಡುಬಿಸಿಲಿದ್ರೆ ಅಪರ್ಚರ್ 16, ಐಎಸ್ಒ ಎಷ್ಟೋ ಷಟರ್ ಅಷ್ಟನೇ ಒಂದು ಸೆಕೆಂಡು. ಐಎಸ್ಒ 125, ಷಟರ್ 1/125. ಮೀಟರ್ ನೋಡದೇ ಹೊಡೆದೆ. ಬಂಡೆ ಬಂಡೆಯ ಬಣ್ಣದಲ್ಲೇ ಬಂತು.

ಇಲ್ಲಿಂದ ಇತಿಹಾಸಕ್ಕೆ ಬರ್ತೀನಿ.

ಈ ಸೀಮೆಗೆ ಕ್ಯಾಮೆರಾ ಬಂದ ಮೊದಲ ದಿನಗಳಲ್ಲಿ ಅದು ಹುಡುಕಿದ್ದು ಅಕ್ಷರಗಳನ್ನ. 1865ರ ಸುಮಾರಿಗೆ, ಮೈಸೂರು ಇನ್ನೂ ಬ್ರಿಟಿಷ್ ಕಮಿಷನರುಗಳ ಕೈಲಿದ್ದಾಗ, ಮೇಜರ್ ಡಿಕ್ಸನ್ ಅನ್ನೋ ಸೇನಾಧಿಕಾರಿ ಸಂಸ್ಥಾನದ ಶಾಸನಗಳ ಫೋಟೊ ತೆಗೆದ. ಸುಮಾರು 150 ಚಿತ್ರ. ಆಗ ಚಾಲ್ತಿಯಲ್ಲಿದ್ದದ್ದು ವೆಟ್ ಕೊಲೋಡಿಯನ್ ವಿಧಾನ. ಗಾಜಿನ ಹಲಗೆಗೆ ಅಂಟು ಸವರಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಒದ್ದೆ ಇರುವಾಗಲೇ ಫೋಟೊ ತೆಗೆದು, ಒದ್ದೆ ಇರುವಾಗಲೇ ಕತ್ತಲೆ ಡೇರೆಯೊಳಗೆ ತೊಳೀಬೇಕು. ಸಿಗ್ತಿದ್ದದ್ದು ಹತ್ತು ಹದಿನೈದು ನಿಮಿಷ. ನಮ್ಮ ಕಡೆ ಬಿಸಿಲಲ್ಲಿ ಇನ್ನೂ ಕಮ್ಮಿ ಅಂತ ಇಟ್ಕೊಳ್ಳಿ. ಡೇರೆ, ಗಾಜು, ನೀರು, ರಾಸಾಯನಿಕ ಎಲ್ಲಾ ಎತ್ತಿನ ಗಾಡಿ ಮೇಲೋ ಕೂಲಿಗಳ ತಲೆ ಮೇಲೋ ಬರಬೇಕು. ಹೊತ್ತವರ ಹೆಸರು ಯಾವ ಚಿತ್ರದ ಕೆಳಗೂ ಇರಲ್ಲ ಬಿಡಿ.

ಡಿಕ್ಸನ್‌ನ ಆ ಚಿತ್ರಗಳನ್ನ ಮುಂದಿಟ್ಕೊಂಡು ಶಾಸನ ಓದಿದವರು ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದವರು. 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಅಂತ ಪುಸ್ತಕ ಬಂತು. ಅದರಲ್ಲಿ ಚಿತ್ರದುರ್ಗದ ಶಾಸನಗಳೂ ಇವೆ. ‘ಎಪಿಗ್ರಾಫಿಯಾ ಕರ್ನಾಟಿಕಾ’ ಅಂತ ಕಾಲೇಜಲ್ಲಿ ಕೇಳಿರ್ತೀರಿ. ಆ ದೊಡ್ಡ ಮಾಲಿಕೆ ಶುರುವಾಗೋಕೆ ಮುಂಚಿನ ಮಾತು ಇದು. ಚಿತ್ರದುರ್ಗ ಜಿಲ್ಲೆಯದೇ ಸಂಪುಟ, ಹನ್ನೊಂದನೆಯದು, ಬಂದದ್ದು 1903ರಲ್ಲಿ. ಅಂದ್ರೆ ಕನ್ನಡ ನಾಡಿನ ಶಾಸನ ಓದಿನ ಬುಡದಲ್ಲಿ ಒಂದು ಕ್ಯಾಮೆರಾ ಇದೆ.

ಕಲ್ಲಿನ ಅಕ್ಷರ ಫೋಟೊದಲ್ಲಿ ಕಾಣೋದು ಸುಲಭ ಅಲ್ಲ. ಚಂದ್ರವಳ್ಳಿಗೆ ಹೋಗಿ ನೋಡಿ. ಕೆರೆ ಹತ್ತಿರ ಭೈರವೇಶ್ವರ ಗುಡಿಯ ಪಕ್ಕದ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. ನಾಲ್ಕನೇ ಶತಮಾನದ್ದು, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. 1929ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಇದನ್ನ ಬೆಳಕಿಗೆ ತಂದ್ರು. ಮಯೂರಶರ್ಮ ಗೆದ್ದ ರಾಜ್ಯಗಳ ದೊಡ್ಡ ಪಟ್ಟಿಯನ್ನೇ ಅವರು ಅದರಲ್ಲಿ ಓದಿದ್ರು. ಆಮೇಲಿನ ವಿದ್ವಾಂಸರು ಹಾಗಲ್ಲ, ಹೀಗೆ ಅಂತ ಬೇರೆ ಓದು ಕೊಟ್ಟರು. ಕೆರೆಯ ಮಾತು ನಿಲ್ಲುತ್ತೆ, ಗೆದ್ದ ರಾಜ್ಯಗಳ ಮಾತು ಅಲ್ಲಾಡುತ್ತೆ. ಅಕ್ಷರ ಅಷ್ಟು ಸವೆದಿದೆ. ಬೆಳಕು ಎದುರಿಂದ ಬಿದ್ರೆ ಏನೂ ಕಾಣಲ್ಲ. ಬೆಳಕು ಬಂಡೆಯನ್ನ ಸವರಿಕೊಂಡು ಪಕ್ಕದಿಂದ ಬಂದಾಗ ಮಾತ್ರ ಗೀರುಗಳೊಳಗೆ ನೆರಳು ತುಂಬುತ್ತೆ.

ಇದಕ್ಕೆ ಲಕ್ಷ ರೂಪಾಯಿ ಕ್ಯಾಮೆರಾ ಬೇಕಿಲ್ಲ. ಸಂಜೆ ಹೋಗಿ, ಒಬ್ಬ ಗೆಳೆಯನ ಫೋನ್ ಟಾರ್ಚನ್ನ ಕಲ್ಲಿಗೆ ಒತ್ತಿದ ಹಾಗೆ ಪಕ್ಕದಿಂದ ಹಿಡಿಸಿ, ನಿಮ್ಮ ಫೋನಲ್ಲಿ ಕಪ್ಪು ಬಿಳುಪು ಹಾಕಿ ತೆಗೀರಿ. ಚಾಕ್‌ಪೀಸ್ ತಿಕ್ಕೋದು ಮಾತ್ರ ಬೇಡ, ಕಲ್ಲು ಇನ್ನಷ್ಟು ಸವೆಯುತ್ತೆ. ನಾನು ಫ್ಯೂಜಿಯ ‘ಆಕ್ರೋಸ್’ ಕಪ್ಪು ಬಿಳುಪಿನಲ್ಲಿ ತೆಗೆದೆ. ಅದೇ ಕಂಪನಿಯ ಫಿಲ್ಮಿನ ಹೆಸರು ಅದು, ಇಲ್ಲಿ ಮೆನುವಿನೊಳಗಿನ ಒಂದು ಸಾಲು.

ಕೃಷ್ಣ ಅಗೆದ ಇದೇ ಚಂದ್ರವಳ್ಳಿಯನ್ನ 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆದ್ರು, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಜೊತೆಗೆ. ವೀಲರ್‌ಗೆ ಫೋಟೊ ಅಂದ್ರೆ ದಾಖಲೆ. ಗುಂಡಿಯ ಗೋಡೆ ಚೊಕ್ಕಟ ಇರಬೇಕು, ಚೌಕಟ್ಟಿನೊಳಗೆ ಅಳತೆಕೋಲು ಇರಬೇಕು.

ಇಪ್ಪತ್ತೈದು ವರ್ಷ ಬಿಟ್ಟು ಅದೇ ಕೋಟೆಗೆ ಬೇರೆ ಥರದ ಕ್ಯಾಮೆರಾ ಬಂತು. 1972, ಪುಟ್ಟಣ್ಣ ಕಣಗಾಲ್, ತ.ರಾ.ಸು. ಕಾದಂಬರಿಗಳ ಮೇಲೆ ‘ನಾಗರಹಾವು’. ‘ಬಾರೆ ಬಾರೆ’ ಹಾಡಲ್ಲಿ ಎಲ್ಲಾ ನಿಧಾನ ಅಲ್ವಾ? ಫಿಲ್ಮನ್ನ ಸೆಕೆಂಡಿಗೆ 24ಕ್ಕಿಂತ ಹೆಚ್ಚು ಚೌಕಟ್ಟಿನ ವೇಗದಲ್ಲಿ ಓಡಿಸಿ ತೆಗೆದು, 24ರಲ್ಲಿ ತೋರಿಸೋದು. ಇವತ್ತು ನಿಮ್ಮ ಫೋನಲ್ಲಿ ‘ಸ್ಲೋ ಮೋ’ ಒತ್ತಿದ್ರೆ ಆಗೋದೂ ಇದೇ. ಆಗ ಪ್ರತಿ ನಿಧಾನದ ಸೆಕೆಂಡಿಗೂ ಹೆಚ್ಚು ಫಿಲ್ಮ್ ಸುಡ್ತಿತ್ತು, ಅಷ್ಟೇ ವ್ಯತ್ಯಾಸ. ಕೋಟೆಯಲ್ಲಿ ರೀಲ್ಸ್ ಮಾಡೋ ಹುಡುಗ ಹುಡುಗಿಯರನ್ನ ನೋಡಿ ಮೂಗು ಮುರಿಯೋರು ಇದನ್ನ ನೆನಪಿಡಬೇಕು.

ಮುಂದಿನದು ಹಿರಿಯೂರು. ತೇರು ಮಲ್ಲೇಶ್ವರ ಗುಡಿಯ ಚಾವಣಿಯ ಚಿತ್ರಗಳನ್ನ ನೋಡೋಕೆ ಕತ್ತೆತ್ತಿ ನಿಂತಾಗ ಹಳೇ ಲೆನ್ಸ್ ಹೊರತೆಗೆದೆ. ನಮ್ಮ ಅಪ್ಪನ 50 ಎಂಎಂ ನಿಕ್ಕೋರ್. ಇದು ಹೊಸ ಕ್ಯಾಮೆರಾಗೆ ಹೇಗೆ ಕೂರುತ್ತೆ? ಹಳೇ ನಿಕಾನಲ್ಲಿ ಕನ್ನಡಿಗೆ ಜಾಗ ಬೇಕಿತ್ತು, ಅದಕ್ಕೆ ಲೆನ್ಸ್ ಕೂರೋ ಬಳೆಯಿಂದ ಫಿಲ್ಮಿಗೆ 46.5 ಮಿಲಿಮೀಟರ್ ದೂರ. ಜಡ್ ಎಫ್‌ನಲ್ಲಿ ಆ ದೂರ 16 ಮಾತ್ರ. ಉಳಿದ 30.5 ಮಿಲಿಮೀಟರ್ ತುಂಬೋಕೆ ಒಂದು ಟೊಳ್ಳು ಲೋಹದ ಬಳೆ ಸಾಕು. ಒಳಗೆ ಗಾಜಿಲ್ಲ, ತಂತಿಯಿಲ್ಲ. ಕನ್ನಡಿ ತೆಗೆದದ್ದರಿಂದ ನಿಜವಾಗಿ ಸಿಕ್ಕ ಲಾಭ ಇದು: ನಿಮ್ಮ ಮನೆ ಬೀರುವಿನಲ್ಲಿರೋ ಹಳೇ ಲೆನ್ಸ್‌ಗಳಿಗೆಲ್ಲ ಮತ್ತೆ ಜೀವ ಬಂತು. ಫೋಕಸ್ ಕೈಯಲ್ಲೇ. ಚೂಪಾದ ಅಂಚುಗಳಿಗೆ ಪರದೆ ಮೇಲೆ ಕೆಂಪು ಬಣ್ಣ ಹಚ್ಚಿ ತೋರಿಸುತ್ತೆ. ಸೆನ್ಸರೇ ಅಲುಗಾಡಿ ಕೈ ನಡುಕವನ್ನ ನುಂಗುತ್ತೆ. ಆ ಅರೆಗತ್ತಲಲ್ಲಿ ಫ್ಲಾಶ್ ಇಲ್ಲದೇ ಚಿತ್ರ ಬಂತು.

ವಾಣಿವಿಲಾಸ ಸಾಗರಕ್ಕೂ ಹೋದೆ. ವೇದಾವತಿಗೆ ಅಡ್ಡವಾಗಿ 1898ರಿಂದ 1907ರವರೆಗೆ ಕಟ್ಟಿದ ಅಣೆಕಟ್ಟೆ, ಹಳಬರಿಗೆ ಮಾರಿಕಣಿವೆ. 1933ರಲ್ಲಿ ಕೋಡಿ ಬಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಲ್ಲಿ, 89 ವರ್ಷಕ್ಕೆ. 2022ರ ನೀರು ಸಾವಿರಾರು ಫೋನಲ್ಲಿ ಇದೆ, ವಾಟ್ಸಾಪಲ್ಲಿ ನಿಮಗೂ ಬಂದಿರುತ್ತೆ. 1933ರಲ್ಲಿ ಆ ದಂಡೆ ಮೇಲೆ ಎಷ್ಟು ಕ್ಯಾಮೆರಾ ಇದ್ದಿರಬಹುದು?

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಹೆಚ್ಚು ಹೊತ್ತು ಇರಲಿಲ್ಲ. 1997ರಿಂದ ಊರೂರು ತಿರುಗ್ತಿರೋ ಶಿವಸಂಚಾರದ ಊರು ಅದು. ತಾಲೀಮು ನಡೀತಿತ್ತು. ಷಟರ್ ಸದ್ದು ಬೇಡ ಅಂತ ಸೈಲೆಂಟ್ ಮೋಡ್ ಹಾಕಿದ್ರೆ ಎಲ್ಇಡಿ ಬೆಳಕಿಗೆ ಚಿತ್ರದ ತುಂಬ ಪಟ್ಟೆ ಬೀಳುತ್ತೆ. ಮೆಕ್ಯಾನಿಕಲ್ ಷಟರ್‌ಗೆ ಬಂದು, ಮಾತು ಜೋರಾದಾಗ ಮಾತ್ರ ಕ್ಲಿಕ್ ಮಾಡಿದೆ. ಹಳೇ ನಾಟಕದ ಫೋಟೊಗ್ರಾಫರುಗಳು ಇದನ್ನೇ ಮಾಡ್ತಿದ್ದದ್ದು.

ಹೊಳಲ್ಕೆರೆಯಲ್ಲಿ ಎರಡು ದಿನ ಉಳಿದೆ. ಬಯಲು ಗಣಪತಿಗೆ ಕೈ ಮುಗಿದು, ಹೇಳಿ ಕಳಿಸಿದ್ದ ಒಂದು ಹಳೇ ಸ್ಟುಡಿಯೋಗೆ ಹೋದೆ. ಮಾಲೀಕರಿಗೆ ಎಪ್ಪತ್ತು ದಾಟಿದೆ. ಹೆಸರು ಬೇಡ ಅಂದ್ರು. ಪೆಂಟಾಕ್ಸ್ ಕೆ1000 ಹಿಡಿದು ಇಡೀ ತಾಲ್ಲೂಕಿನ ಮದುವೆ, ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟು, ಹೆಣ್ಣು ತೋರಿಸೋ ಫೋಟೊ, ಹೆಣದ ಫೋಟೊ ಎಲ್ಲಾ ತೆಗೆದವರು. ಜಡ್ ಎಫ್ ಕೈಗೆ ಕೊಟ್ಟೆ. ತಿರುಗಿಸಿ ನೋಡಿ, ‘ಮಕ ನಮ್ ಕಾಲದ್ದೇ ಐತೆ. ರೇಟೆಷ್ಟು?’ ಅಂದ್ರು. ಒಂದೂವರೆ ಲಕ್ಷದ ಮೇಲೆ ಅಂದೆ. ನಕ್ಕು, ಅಟ್ಟದ ಮೇಲಿಂದ ಬಿಸ್ಕತ್ತಿನ ತಗಡಿನ ಡಬ್ಬ ಇಳಿಸಿದ್ರು. ಒಳಗೆ ನೆಗೆಟಿವ್.

‘ಎರಡು ಮೂಟೆ ಗುಜರಿಗೆ ಹಾಕ್ದೆ, ಜಾಗ ಇರ್ಲಿಲ್ಲ’ ಅಂದ್ರು. ನೆಗೆಟಿವಲ್ಲಿ ಬೆಳ್ಳಿ ಇರುತ್ತೆ, ತೊಳೆದು ತೆಗೀತಾರೆ. ಇನ್ನೂ ಹಳೇ ಗಾಜಿನ ಪ್ಲೇಟುಗಳಾದ್ರೆ ಚಿತ್ರವನ್ನ ಕೆರೆದು, ಗಾಜನ್ನ ದೇವರ ಪಟಕ್ಕೆ ಕಟ್ಟು ಹಾಕೋಕೆ ಬಳಸಿದ್ದೂ ಎಷ್ಟೋ ಊರಲ್ಲಿ ಉಂಟು. ಯೋಚನೆ ಮಾಡಿ. ಡಿಕ್ಸನ್ ತೆಗೆದ ಕಲ್ಲಿನ ಚಿತ್ರಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಜೋಪಾನವಾಗಿವೆ. 1985ರ ಹೊಳಲ್ಕೆರೆಯ ಮನುಷ್ಯರ ಮುಖ ಕೆಜಿ ಲೆಕ್ಕದಲ್ಲಿ ಹೋಗಿದೆ. ಅದೇ ಹೊತ್ತಿಗೆ ನಾವು ‘ಹಳೇ ಲುಕ್’ ಅಂತ ಲಕ್ಷ ಸುರೀತಿದ್ದೀವಿ.

ಅವರು ಉಳಿದ ಡಬ್ಬಗಳನ್ನ ಯಾಕೆ ಗುಜರಿಗೆ ಹಾಕಲಿಲ್ಲ ಅಂತ ಕೇಳಿದೆ. ಮೂಟೆ ಹೋದ ಮಾರನೇ ವರ್ಷ ಪಕ್ಕದ ಹಳ್ಳಿಯಿಂದ ಒಬ್ಬ ಹೆಂಗಸು ಬಂದಿದ್ರಂತೆ. ತೀರಿಕೊಂಡ ಅವ್ವನ ಒಂದೇ ಒಂದು ಫೋಟೊ ತೆಗೆಸಿದ್ದು ಈ ಸ್ಟುಡಿಯೋದಲ್ಲಿ. ಪ್ರಿಂಟು ಮನೆ ಸೋರಿ ಹಾಳಾಗಿದೆ. ನೆಗೆಟಿವ್ ಇದೆಯಾ ಅಂತ ಕೇಳಿದ್ರಂತೆ. ರಿಜಿಸ್ಟರನ್ನ ಗೆದ್ದಲು ತಿಂದಿತ್ತು. ಲಕೋಟೆ ಮೇಲೆ ಬರೀ ನಂಬರ್, ಹೆಸರಿಲ್ಲ.

ಫ್ಯೂಜಿಯ 40 ಮೆಗಾಪಿಕ್ಸೆಲ್‌ಗೆ ನಿಜವಾದ ಕೆಲಸ ಸಿಕ್ಕಿದ್ದು ಆಗ. ಕ್ಯಾಮೆರಾವನ್ನ ಮುಖ ಕೆಳಗೆ ಮಾಡಿ ಸ್ಟ್ಯಾಂಡಿಗೆ ಕಟ್ಟಿದೆ, ಮ್ಯಾಕ್ರೊ ಲೆನ್ಸ್ ಹಾಕಿದೆ. ಕೆಳಗೆ ಟ್ಯಾಬ್ಲೆಟ್, ಪರದೆ ಪೂರ್ತಿ ಬಿಳಿ. ಅದರ ಮೇಲೆ ಎರಡು ಬೆರಳು ಎತ್ತರದಲ್ಲಿ ಹಾಲು ಬಣ್ಣದ ಅಕ್ರಿಲಿಕ್ ಹಾಳೆ, ಇಲ್ಲಾಂದ್ರೆ ಪರದೆಯ ಚುಕ್ಕಿಗಳೂ ಚಿತ್ರಕ್ಕೆ ಬರ್ತವೆ. ನೆಗೆಟಿವನ್ನ ಅಂಚಲ್ಲಿ ಮಾತ್ರ ಹಿಡೀಬೇಕು, ಬಾಯಲ್ಲಿ ಊದಬಾರದು, ಗಾಳಿ ಪಂಪು ಸಾಕು. ಅಪರ್ಚರ್ 8. ಕ್ಲಿಕ್. ಆಮೇಲೆ ಫೋನಿನ ಆ್ಯಪಲ್ಲಿ ಬಣ್ಣ ತಿರುಗಿಸಿದ್ರೆ ಮುಖ ಎದ್ದು ಬರುತ್ತೆ. ಬಣ್ಣ ಬಳಿದ ಕಾಶ್ಮೀರದ ಪರದೆ ಮುಂದೆ ಸ್ಟುಡಿಯೋದ್ದೇ ವಾಚು ಕಟ್ಟಿಕೊಂಡು ನಿಂತ ಹುಡುಗಿಯರು. ಹೊಸ ಸೈಕಲ್ ಹಿಡಿದು ಗಣಪತಿ ಮುಂದೆ ನಿಂತ ಹುಡುಗ. ಯಜಮಾನರು ಪರದೆಗೆ ಕಣ್ಣು ತಾಗಿಸಿ, ‘ಇವ್ರು ಮಾಸ್ತರು’, ‘ಇವ್ಳು ಈಗ ಅಜ್ಜಿ’, ‘ಇವ್ನು ಹೋದ’ ಅಂತ ಹೇಳ್ತಾ ಹೋದ್ರು. ನಾನು ಫೈಲಿನ ಹೆಸರಾಗಿ ಅದನ್ನೇ ಬರ್ಕೊಂಡೆ.

ಎರಡು ದಿನಕ್ಕೆ 340 ಚೌಕಟ್ಟು ಆಯ್ತು. ಆ ಅವ್ವ ಇನ್ನೂ ಸಿಕ್ಕಿಲ್ಲ. ಕ್ಯಾಮೆರಾ ಬಾಡಿಗೆ ಮುಗೀತು, ವಾಪಸ್ ಕೊಟ್ಟೆ. ಡಬ್ಬ ಇನ್ನೂ ಎರಡಿವೆ, ದೀಪಾವಳಿ ರಜೆಗೆ ಮತ್ತೆ ಹೋಗ್ತೀನಿ. ಹೊಳಲ್ಕೆರೆ ಕಡೆಯವರು ಯಾರಾದ್ರೂ ಕೇಳ್ತಿದ್ರೆ, ಮನೇಲಿ ಹಳೇ ಸ್ಟುಡಿಯೋ ಫೋಟೊ ಇದ್ರೆ, ಹಿಂದೆ ತಿರುಗಿಸಿ ನೋಡಿ. ಪೆನ್ಸಿಲಲ್ಲಿ ಬರೆದ ನಂಬರ್ ಇರುತ್ತೆ. ಆ ನಂಬರೂ, ಫೋಟೊದಲ್ಲಿರೋರ ಹೆಸರೂ ಬರೆದಿಟ್ಕೊಳ್ಳಿ. ಗೆದ್ದಲು ತಿಂದ ರಿಜಿಸ್ಟರನ್ನ ಮತ್ತೆ ಬರೆಯೋಕೆ ನಮಗಿರೋ ದಾರಿ ಸದ್ಯಕ್ಕೆ ಅದೊಂದೇ.