ವಿಟ್ಮರನ ಚಿಕಿತ್ಸಾಲಯವೂ ಬಾಲಮನಶ್ಶಾಸ್ತ್ರದ ವಿಶ್ವವಿದ್ಯಾಲಯ ಶಿಕ್ಷಣವೂ

ಲೈಟ್ನರ್ ವಿಟ್ಮರನು ಲೈಪ್‌ಜಿಗ್ಗಿನಲ್ಲಿ ವುಂಟನ ಶಿಷ್ಯನಾಗಿದ್ದು 1892ರಲ್ಲಿ ಡಾಕ್ಟರೇಟನ್ನು ಪಡೆದನೆಂಬುದೂ, 1896ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಪ್ರಪಂಚದ ಪ್ರಥಮ ಮನಶ್ಶಾಸ್ತ್ರೀಯ ಚಿಕಿತ್ಸಾಲಯವನ್ನು ತೆರೆದನೆಂಬುದೂ, 1907ರಲ್ಲಿ ತಾನೇ ಆರಂಭಿಸಿದ ಪತ್ರಿಕೆಯಲ್ಲಿ ಈ ನೂತನ ಶಾಸ್ತ್ರದ ಸ್ವರೂಪವನ್ನು ನಿರೂಪಿಸಿದನೆಂಬುದೂ ಚರಿತ್ರಕಾರರೆಲ್ಲರೂ ಒಪ್ಪಿರುವ ಸಂಗತಿಗಳು. 1909ರಲ್ಲಿ ಷಿಕಾಗೊ ನಗರದಲ್ಲಿ ವಿಲಿಯಂ ಹೀಲಿ ಬಾಲಾಪರಾಧಿಗಳ ಪರೀಕ್ಷೆಗಾಗಿ ಸಂಸ್ಥೆಯೊಂದನ್ನು ಕಟ್ಟಿದ್ದೂ, 1949ರ ಬೌಲ್ಡರ್ ಸಮ್ಮೇಳನವು ಚಿಕಿತ್ಸಾ ಮನಶ್ಶಾಸ್ತ್ರಜ್ಞನು ಏಕಕಾಲದಲ್ಲಿ ವಿಜ್ಞಾನಿಯೂ ಚಿಕಿತ್ಸಕನೂ ಆಗಿರತಕ್ಕದ್ದೆಂದು ವಿಧಿಸಿದ್ದೂ, ಮಕ್ಕಳ ಚಿಕಿತ್ಸಕರ ತರಬೇತಿಗೆಂದೇ 1985ರಲ್ಲಿ ಹಿಲ್ಟನ್ ಹೆಡ್ ಸಮ್ಮೇಳನ ನೆರೆದದ್ದೂ ಅಷ್ಟೇ ಪ್ರಸಿದ್ಧವಾಗಿವೆ.

ಈ ಚರಿತ್ರೆಯಲ್ಲಿ ವಿಟ್ಮರನ ಸ್ಥಾನವೇನೆಂಬಲ್ಲಿ ಮಾತ್ರ ಭಿನ್ನಾಭಿಪ್ರಾಯಕ್ಕೆ ಎಡೆಯುಂಟು. ರಾಬರ್ಟ್ ವಾಟ್ಸನ್ನರು 1953ರಲ್ಲಿ ಪ್ರಕಟಿಸಿದ ತಮ್ಮ ಸಂಕ್ಷಿಪ್ತ ಚರಿತ್ರೆಯಲ್ಲಿ ವಿಟ್ಮರನಿಗೆ ಆದ್ಯಪ್ರವರ್ತಕನೆಂಬ ಗೌರವವನ್ನು ಸಲ್ಲಿಸಿಯೂ, ಉತ್ತರಕಾಲದ ಮೇಲೆ ಆತನ ಪ್ರಭಾವ ಪರಿಮಿತವೆಂದೂ, ಭಾವಜೀವನದ ಗತಿಯನ್ನು ಹುಡುಕಿ ಹೊರಟ ಹೀಲಿಯ ಮಾರ್ಗವೇ ಹೆಚ್ಚು ಬಾಳಿತೆಂದೂ ನಿರ್ಣಯಿಸಿದರು. ಸಿದ್ಧಾಂತವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದಾದರೆ ಈ ನಿರ್ಣಯವನ್ನು ಅಲ್ಲಗಳೆಯುವುದು ಕಷ್ಟ. ವಿಟ್ಮರನ ದೃಷ್ಟಿ ಬಹುಮಟ್ಟಿಗೆ ಬುದ್ಧಿಯ ನ್ಯೂನತೆ ಮತ್ತು ಶಾಲೆಯ ಕಲಿಕೆಗಳಲ್ಲಿಯೇ ನೆಲೆಸಿದ್ದಿತು. ಆದರೆ ಶಿಕ್ಷಣಕ್ರಮದ ದೃಷ್ಟಿಯಿಂದ ಆತನನ್ನು ಅಳೆಯುವ ಪ್ರಯತ್ನ ವಾಟ್ಸನ್ನರ ಉದ್ದೇಶದೊಳಗೆ ಇರಲಿಲ್ಲ. ಆ ಕೊರತೆಯನ್ನು ತುಂಬಿದಲ್ಲಿ ಫಲಿತಾಂಶ ಬೇರೆಯಾದೀತೆಂಬುದು ನನ್ನ ಪಕ್ಷ.

ಮೊದಲ ಪ್ರಕರಣವನ್ನೇ ಪರಿಶೀಲಿಸೋಣ. 1896ರ ಮಾರ್ಚಿನಲ್ಲಿ ಮಾರ್ಗರೆಟ್ ಮಗ್ವೈರ್ ಎಂಬ ಶಾಲಾ ಉಪಾಧ್ಯಾಯಿನಿ ಕಾಗುಣಿತ ಹತ್ತದ ಬಾಲಕನೊಬ್ಬನನ್ನು ವಿಟ್ಮರನಲ್ಲಿಗೆ ಕರೆತಂದಳು. ಆಕೆ ಅದೇ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿನಿಯೂ ಆಗಿದ್ದಳೆಂಬುದನ್ನು ಚರಿತ್ರಕಾರರು ಒಂದು ಉಪಾಖ್ಯಾನದಂತೆ ಹೇಳಿ ಮುಂದೆ ಸಾಗುತ್ತಾರೆ. ನನಗಾದರೋ ಇಡೀ ವಾದದ ಮೂಲ ಇಲ್ಲಿಯೇ ಕಾಣುತ್ತದೆ. ಬಾಲಕನ ದೃಷ್ಟಿದೋಷ ಪತ್ತೆಯಾಗಿ ಕನ್ನಡಕ ಬಂದಿತು. ಅನಂತರವೂ ಓದುಬರಹದ ತೊಡಕು ಉಳಿದುದರಿಂದ ದೀರ್ಘಕಾಲದ ಪಾಠ ಬೇಕಾಯಿತು. ಕಣ್ಣಿನ ದೋಷವೆಷ್ಟು, ಕಲಿಕೆಯ ದೋಷವೆಷ್ಟು ಎಂಬುದು ಹೀಗೆ ಕಲಿಸುತ್ತ ಕಲಿಸುತ್ತ ನಿಶ್ಚಯವಾಗತಕ್ಕ ವಿಷಯವಾಯಿತು. ರೋಗನಿರ್ಣಯವೂ ಚಿಕಿತ್ಸೆಯೂ ಒಂದೇ ಪ್ರಯತ್ನದ ಎರಡು ಮುಖಗಳಾದವು. ಮರುವರ್ಷ, 1897ರ ಬೇಸಗೆಯಲ್ಲಿ, ವಿಟ್ಮರನು ಮಕ್ಕಳನ್ನು ವಿದ್ಯಾರ್ಥಿಗಳೆದುರಿಗೆ ಪರೀಕ್ಷಿಸಿ ತೋರಿಸುವ ನಾಲ್ಕು ವಾರಗಳ ಪಾಠಕ್ರಮವನ್ನು ನಡೆಸಿದನು. ಚಿಕಿತ್ಸಾಲಯದ ಬಾಗಿಲು ತರಗತಿಯೊಳಕ್ಕೇ ತೆರೆದಿದ್ದಿತು. ಆ ತರಗತಿಯ ಮೊದಲ ಗ್ರಂಥ ಮಗುವಾಗಿದ್ದಿತು.

ಈ ಕ್ರಮ ವ್ಯತ್ಯಸ್ತವಾದದ್ದು ಎರಡನೆಯ ಮಹಾಯುದ್ಧದ ತರುವಾಯ. ರಣರಂಗದಿಂದ ಹಿಂತಿರುಗಿದ ಸೈನಿಕರ ಮನೋವ್ಯಥೆಗೆ ಚಿಕಿತ್ಸಕರು ಬೇಕಾಗಿ, ಅಮೆರಿಕದ ನಿವೃತ್ತ ಸೈನಿಕರ ಇಲಾಖೆಯು 1946ರಿಂದ ವಿಶ್ವವಿದ್ಯಾಲಯಗಳೊಡನೆ ಸೇರಿ ತರಬೇತಿಯನ್ನು ನಡೆಸಿತು. ಬೌಲ್ಡರ್ ಸಮ್ಮೇಳನ ಈ ವಾತಾವರಣದಲ್ಲಿಯೇ ನೆರೆಯಿತು. ಪ್ರೌಢ ರೋಗಿಯನ್ನು ಮೊದಲು ಅರಿತು, ಅನಂತರ ಮಗುವಿನ ವಿಶೇಷಾಭ್ಯಾಸಕ್ಕೆ ಇಳಿಯುವ ಪದ್ಧತಿ ಬೇರೂರಿದ್ದಕ್ಕೆ ಈ ಚಾರಿತ್ರಿಕ ಒತ್ತಡವು, ಒಂದೇ ಕಾರಣವಲ್ಲದಿದ್ದರೂ, ಪ್ರಬಲವಾದ ಕಾರಣವೆಂದು ಭಾವಿಸುತ್ತೇನೆ. ಶಾಸ್ತ್ರದ ಸ್ವಭಾವದಲ್ಲಿ ಆ ಪದ್ಧತಿಗೆ ಆಧಾರವಿದೆಯೇ ಎಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

ಪ್ರೌಢನು ಸಾಮಾನ್ಯವಾಗಿ ತನ್ನ ವ್ಯಥೆಯನ್ನು ತಾನೇ ಹೇಳುತ್ತಾನೆ. ಮಗುವನ್ನಾದರೋ ತಂದೆತಾಯಿಯರೋ ಉಪಾಧ್ಯಾಯರೋ ಕರೆತರುತ್ತಾರೆ, ಅವರ ಮಾತುಗಳು ಪರಸ್ಪರ ಹೊಂದುವುದಿಲ್ಲ. ಆಕೆನ್‌ಬಾಕ್ ಮತ್ತು ಸಹವರ್ತಿಗಳು 1987ರಲ್ಲಿ 119 ಅಧ್ಯಯನಗಳನ್ನು ಸಂಕಲಿಸಿ ನೋಡಿದಾಗ, ತಾಯಿ ತಂದೆಯರಂತೆ ಸಮಾನಸ್ಥಾನದಲ್ಲಿರುವವರ ವರದಿಗಳ ಪರಸ್ಪರ ಸಂಬಂಧ ಸರಾಸರಿ 0.60 ಇದ್ದರೆ, ಪೋಷಕರು ಮತ್ತು ಉಪಾಧ್ಯಾಯರಂತೆ ಭಿನ್ನಸ್ಥಾನದವರಲ್ಲಿ ಅದು 0.28ಕ್ಕೂ, ಬಾಲಕನ ಸ್ವಂತ ಮಾತಿಗೂ ಇತರರ ಮಾತಿಗೂ ನಡುವೆ 0.22ಕ್ಕೂ ಇಳಿದಿದ್ದಿತು. ಮನೆಯಲ್ಲಿ ಮೌನಿಯಾದ ಹುಡುಗಿ ಶಾಲೆಯಲ್ಲಿ ಚಟುಲೆಯಾಗಿರಬಹುದಾದ್ದರಿಂದ ಈ ಅಂತರವನ್ನು ಅಳತೆಯ ದೋಷವೆಂದು ತಳ್ಳಿಹಾಕಲಾಗದು; ಅದೇ ಒಂದು ಸಾಕ್ಷ್ಯ. ಭಿನ್ನಸಾಕ್ಷ್ಯಗಳನ್ನು ತೂಗುವ ಈ ವಿವೇಕ ಪ್ರೌಢಚಿಕಿತ್ಸೆಗೂ ಅವಶ್ಯವಾದದ್ದೇ. ಮಗುವಿನೆದುರು ಕುಳಿತ ವಿದ್ಯಾರ್ಥಿಯಾದರೋ ಮೊದಲ ದಿನದಿಂದಲೇ ಅದನ್ನು ಅಭ್ಯಸಿಸದೆ ಗತ್ಯಂತರವಿಲ್ಲ.

ಕಿಶೋರರ ವಿಷಯದಲ್ಲಿ ಈ ವಾದ ಇನ್ನೂ ಬಲಗೊಳ್ಳುತ್ತದೆ. ಹದಿನೈದರ ವಯಸ್ಸಿನ ಇಬ್ಬರು ಒಂದೇ ಬಗೆಯ ದುಷ್ಕೃತ್ಯವೆಸಗಿದ್ದರೂ, ಬಾಲ್ಯದಿಂದಲೇ ನಡತೆ ಕೆಟ್ಟು ಪ್ರೌಢಾವಸ್ಥೆಗೂ ಅದನ್ನು ಕೊಂಡೊಯ್ಯುವವನೂ, ಹರೆಯದ ಕೆಲವು ವರ್ಷಗಳಿಗೆ ಮಾತ್ರ ದಾರಿತಪ್ಪುವವನೂ ಬೇರೆಬೇರೆ ಎಂದು ಟೆರಿ ಮಾಫಿಟ್ 1993ರಲ್ಲಿ ಪ್ರತಿಪಾದಿಸಿದರು. ಈ ವಿಭಜನೆಯನ್ನು ಒಪ್ಪುವ ಮಟ್ಟಿಗೆ, ಹಿಂದಿನ ಜೀವನವನ್ನು ಅರಿಯದವನಿಗೆ ಸದ್ಯದ ವರ್ತನೆ ಅರ್ಥವಾಗದೆಂದೂ ಒಪ್ಪಬೇಕಾಗುತ್ತದೆ. 2005ರಲ್ಲಿ ಕೆಸ್ಲರ್ ಮತ್ತು ಸಂಗಡಿಗರು ಪ್ರಕಟಿಸಿದ ಅಮೆರಿಕದ ಸಮೀಕ್ಷೆಯಂತೆ ಜೀವಿತಾವಧಿಯ ಮಾನಸಿಕ ವ್ಯಾಧಿಗಳಲ್ಲಿ ಅರ್ಧದಷ್ಟು 14ರ ವಯಸ್ಸಿನೊಳಗಾಗಿಯೇ ತಲೆದೋರುತ್ತವೆ. ಇಂತಿರಲು ಪ್ರೌಢರೋಗಿಯ ಚರಿತ್ರೆಯ ಪೂರ್ವಾರ್ಧವನ್ನು ಬಾಲಮನಶ್ಶಾಸ್ತ್ರವೇ ಓದಿಕೊಡತಕ್ಕದ್ದು.

ಆದಕಾರಣ ಚಿಕಿತ್ಸಾ ಮನಶ್ಶಾಸ್ತ್ರದ ವಿದ್ಯಾರ್ಥಿಯು ಮಗುವಿನಿಂದಲೇ ಅಭ್ಯಾಸವನ್ನು ಆರಂಭಿಸತಕ್ಕದ್ದೆಂದು ಹೇಳಲು ಧೈರ್ಯ ಮಾಡುತ್ತೇನೆ. ಇದರಿಂದ ವಿಟ್ಮರನ ಪ್ರತಿಯೊಂದು ಅಭಿಪ್ರಾಯವೂ ಸಾಧುವೆಂದಾಗಲಿ, ಬೌಲ್ಡರಿನಲ್ಲಿ ನೆರೆದವರು ಮಕ್ಕಳನ್ನು ಮರೆತರೆಂದಾಗಲಿ ಭಾವಿಸಬಾರದು. ಆರಂಭವೆಂದರೆ ಪರ್ಯವಸಾನವೂ ಅಲ್ಲ. ಪ್ರೌಢರ ಚಿತ್ತವಿಭ್ರಮವನ್ನೆಂದೂ ಕಾಣದವನು ಕಿಶೋರನಲ್ಲಿ ಅದರ ಮೊಳಕೆಯನ್ನು ಗುರುತಿಸಲಾರ. ಅನುಭವವಿಲ್ಲದ ಕೈಗೆ ಎಳೆಯ ಮಗುವನ್ನು ಒಪ್ಪಿಸುವುದರಲ್ಲಿ ಅಪಾಯವೂ ಉಂಟು. ಗುರುವಿನ ಕಣ್ಣೆದುರಿಗೆ ನಡೆಯುವ ಅಭ್ಯಾಸಕ್ಕೆ ಮಾತ್ರ ನನ್ನ ಮಾತು ಸಲ್ಲುತ್ತದೆ.

ನಮ್ಮ ನಾಡಿನ ಮಟ್ಟಿಗೆ ಈ ಚರ್ಚೆ ಹೊರಗಿನದಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ 1974ರಲ್ಲಿ ನಿಮ್ಹಾನ್ಸ್ ಆಗಿ ರೂಪಾಂತರ ಹೊಂದಿದ ಸಂಸ್ಥೆಯ ಪರಂಪರೆ ಮಾನಸಿಕ ಆಸ್ಪತ್ರೆಯೊಡನೆ ಬೆಳೆದದ್ದು. ಸ್ನಾತಕೋತ್ತರ ಪದವಿಯ ಮೇಲೆ ನಡೆದುಬಂದ ಎರಡು ವರ್ಷಗಳ ಎಂ.ಫಿಲ್. ಶಿಕ್ಷಣದಲ್ಲಿ ಮಕ್ಕಳ ವಿಭಾಗದ ಸೇವೆ ಹಲವು ಹಂತಗಳಲ್ಲೊಂದಾಗಿದ್ದಿತು. ಈ ಸಂಸ್ಥೆಗೂ ಪೂರ್ವದಲ್ಲಿ, 1934ರಲ್ಲಿಯೇ, ವಿ. ವಿ. ಕಾಮತರು ಬಿನೆಯ ಬುದ್ಧಿಮಾಪನವನ್ನು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆ ಅಳವಡಿಸಿ ಪ್ರಕಟಿಸಿದ್ದರು. ಬಿನೆ–ಕಾಮತ್ ಪರೀಕ್ಷೆಯೆಂದು ಇಂದಿಗೂ ಬಳಕೆಯಲ್ಲಿರುವ ಅದು ಆಸ್ಪತ್ರೆಯಿಂದಲ್ಲದೆ ಶಿಕ್ಷಣಕ್ಷೇತ್ರದಿಂದ ಹುಟ್ಟಿತೆಂಬುದು ಗಮನಾರ್ಹ. ಶಾಲೆಯ ಮಗುವಿನಿಂದ ಹೊರಟ ಈ ಧಾರೆಗೂ ಆಸ್ಪತ್ರೆಯ ಧಾರೆಗೂ ಪಠ್ಯಕ್ರಮದಲ್ಲಿ ಸರಿಯಾದ ಸಂಗಮ ಇನ್ನೂ ಆಗಬೇಕಾಗಿದೆ.

ವಿಟ್ಮರನ ಕ್ರಮವು ಶಾಲೆಯ ಬಾಲಕನ ಸುತ್ತ ಬೆಳೆದುದರಿಂದ, ಯಾರೂ ಕರೆತರದೆ ತಾನಾಗಿಯೇ ಬಂದು, ಪೋಷಕರಿಗೆ ತಿಳಿಸಬೇಡಿರೆಂದು ಬೇಡುವ ಹದಿನೇಳರ ಕಿಶೋರಿಯ ವಿಷಯದಲ್ಲಿ ಅದು ಎಷ್ಟರಮಟ್ಟಿಗೆ ಮಾರ್ಗದರ್ಶಕವಾದೀತೆಂಬ ಪ್ರಶ್ನೆಯನ್ನು ಈ ಲೇಖನ ಬಿಡಿಸಿಲ್ಲ. ಮಗುವಿನಿಂದ ಆರಂಭಿಸುವ ಮತ್ತು ಪ್ರೌಢನಿಂದ ಆರಂಭಿಸುವ ಎರಡು ಕ್ರಮಗಳಲ್ಲಿ ತರಬೇತಿ ಹೊಂದಿದ ವಿದ್ಯಾರ್ಥಿಗಳ ನಿರ್ಣಯಸಾಮರ್ಥ್ಯವನ್ನು ಹೋಲಿಸಿ ನೋಡಿದಾಗಲೇ ನನ್ನ ಪಕ್ಷದ ಬಲಾಬಲಗಳು ಸ್ಪಷ್ಟವಾಗಬಲ್ಲವು.